ಒಂದು ಬೈಕು, ಮೂರು ಬೆಲೆ

ಕಳೆದ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ, ದೇವರಾಯನದುರ್ಗದ ತಪ್ಪಲಿನ ಮಣ್ಣುದಾರಿಯಲ್ಲಿ ನಾನೊಂದು ಸುಳ್ಳು ಹೇಳಿದೆ. ದೊಡ್ಡ ಸುಳ್ಳೇನಲ್ಲ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಆದರೂ ಅದು ಅಂಗಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಒಳಗೇ ಉಳಿದುಬಿಟ್ಟಿದೆ. ಅದನ್ನು ಕೀಳುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಗೆಳೆಯನೊಬ್ಬ ಹೊಸದಾಗಿ ಕೊಂಡಿದ್ದ ಬಿಎಂಡಬ್ಲ್ಯು ಆರ್ 1300 ಜಿಎಸ್ ಬೈಕನ್ನು ಅವತ್ತು ನನ್ನ ಕೈಗೆ ಕೊಟ್ಟಿದ್ದ. ನನಗೂ ಅಂಥದ್ದೊಂದನ್ನು ಕೊಳ್ಳುವ ಆಸೆಯಿದ್ದದ್ದು ಅವನಿಗೆ ಗೊತ್ತಿತ್ತು. ಅವನು ನನ್ನ ಹಳೆಯ ಬೈಕಿನಲ್ಲಿ ಹಿಂದೆ ಬರುತ್ತಿದ್ದ. ಮತ್ತಿಕೆರೆಯಿಂದ ಐದೂವರೆಗೆ ಹೊರಟು, ಯಶವಂತಪುರ, ನೆಲಮಂಗಲ, ದಾಬಸ್‌ಪೇಟೆ ದಾಟಿ ದುರ್ಗದ ಕಡೆ ತಿರುಗಿದೆವು. ಒಂದು ಕಡೆ ಅವನು ಟೀ ಕುಡಿಯಲು ನಿಂತ. ನಾನು 'ಐದು ನಿಮಿಷ' ಎಂದು ಹೇಳಿ ಒಬ್ಬನೇ ಪಕ್ಕದ ಮಣ್ಣುದಾರಿಗೆ ಇಳಿದೆ. ಸಾಹಸದ ಬೈಕಲ್ಲವೇ, ಮಣ್ಣು ತುಳಿಸದಿದ್ದರೆ ಹೇಗೆ? ಒಂದು ಕಿಲೋಮೀಟರ್ ಹೋಗಿ, ಜಲ್ಲಿ ಚೆಲ್ಲಿದ್ದ ಕಡೆ ನಡಿಗೆಯ ವೇಗದಲ್ಲಿ ವಾಪಸು ತಿರುಗಿಸಿಕೊಳ್ಳುವಾಗ ಎಡಗಾಲು ಜಾರಿತು. ಬೈಕು ಮಲಗಲು ಹೊರಟ ಎಮ್ಮೆಯ ಹಾಗೆ, ಏನೂ ಅವಸರವಿಲ್ಲದೆ ಪಕ್ಕಕ್ಕೆ ಒರಗಿತು.

ನನಗೆ ಏಟಾಗಲಿಲ್ಲ. ಈ ಎಂಜಿನ್ನಿನ ಎರಡು ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರುವುದರಿಂದ ಬೈಕು ಪೂರ್ತಿ ನೆಲಕ್ಕೆ ಮಲಗುವುದೂ ಇಲ್ಲ. ಬಿದ್ದ ಬೈಕನ್ನು ಎತ್ತುವುದು ಹೇಗೆಂದು ವಿಡಿಯೊಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಬೈಕಿಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಹಿಂದಿನ ಹಿಡಿ ಹಿಡಿದು, ಬೆನ್ನು ಬಗ್ಗಿಸದೆ ಕಾಲಿನ ಬಲದಲ್ಲೇ ಹಿಂದಕ್ಕೆ ಹೆಜ್ಜೆ ಹಾಕಬೇಕು. ತೂಕ 237 ಕಿಲೋ. ನನಗೆ ನಲವತ್ತೊಂಬತ್ತು ವರ್ಷ. ಮೂರು ಸಲ ಪ್ರಯತ್ನಿಸಿದೆ. ಮೂರನೆಯ ಸಲ ಸೊಂಟ ಎಚ್ಚರಿಕೆ ಕೊಟ್ಟಿತು, ಬಿಟ್ಟೆ.

ಅಷ್ಟರಲ್ಲಿ ಒಂದು ಟಿವಿಎಸ್ ಎಕ್ಸೆಲ್ ಬಂತು. ಅದರ ಮೇಲೆ ಇಬ್ಬರು, ಇಬ್ಬರ ನಡುವೆ ಹಸಿ ಹುಲ್ಲಿನ ದೊಡ್ಡ ಹೊರೆ. ವಯಸ್ಸಾದವರೊಬ್ಬರು, ಜೊತೆಗೆ ಇಪ್ಪತ್ತರ ಹುಡುಗ. ಏನೂ ಕೇಳದೆ ಇಳಿದರು, ಹೊರೆ ಕೆಳಗಿಟ್ಟರು, ಮೂವರೂ ಸೇರಿ ಎತ್ತಿ ನಿಲ್ಲಿಸಿದೆವು. ಹುಡುಗ ಖುಷಿಯಿಂದ ಸೀಟಿನ ಮೇಲೆ ಕೂತು ಫೋಟೊ ತೆಗೆಸಿಕೊಂಡ. ಟೀಗೆಂದು ದುಡ್ಡು ಕೊಡಲು ಹೋದರೆ ಹಿರಿಯರು ಕೈ ಅಡ್ಡ ಹಿಡಿದರು. ಆಮೇಲೆ ಬೈಕಿನ ಸುತ್ತ ಒಂದು ಸುತ್ತು ಬಂದು ಕೇಳಿದರು: "ಎಷ್ಟಾಯ್ತದೆ ಸಾ ಇದು?"

"ಒಂದ್ ಮೂರು ಲಕ್ಷ," ಅಂದೆ.

"ಮೂರಾ!" ಎಂದು ಅವರು ಹುಡುಗನ ಮುಖ ನೋಡಿದರು. "ಐದು ಎಕ್ಸೆಲ್ ಬತ್ತವೆ ಕಣ್ಲಾ."

ನಿಜವಾದ ಬೆಲೆ ಬೇರೆ. 2024ರ ಜೂನ್‌ನಲ್ಲಿ ಈ ಬೈಕು ಭಾರತಕ್ಕೆ ಬಂದಾಗ ಷೋರೂಂ ಬೆಲೆಯೇ 20.95 ಲಕ್ಷ ರೂಪಾಯಿ. ರಸ್ತೆ ತೆರಿಗೆ, ವಿಮೆ, ನೋಂದಣಿ ಸೇರಿದರೆ ಇಪ್ಪತ್ತೈದು ದಾಟುತ್ತದೆ. ವಾಪಸು ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಬೈಕು ಬಿದ್ದ ಅವಮಾನವಲ್ಲ. ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಹೇಗೆ ಬಂತು ಎನ್ನುವುದು. ಯೋಚಿಸುತ್ತಾ ಹೋದಂತೆ ಇನ್ನೊಂದು ವಿಷಯ ಹೊಳೆಯಿತು. ಈ ಬೈಕಿನ ಬೆಲೆಯ ಬಗ್ಗೆ ನಾನು ಹೇಳಿದ ಮೊದಲ ಸುಳ್ಳು ಇದಾಗಿರಲಿಲ್ಲ. ಭಾನುವಾರ ಒಟ್ಟಿಗೆ ಬೈಕು ಓಡಿಸುವ ಗೆಳೆಯರಿಗೆ ಪೂರ್ತಿ ಬೆಲೆ ಹೇಳಿದ್ದೆ, ಪಕ್ಕದ ಪೆಟ್ಟಿಗೆಗಳ ಖರ್ಚನ್ನೂ ಸೇರಿಸಿ, ಸ್ವಲ್ಪ ಜಂಬದಿಂದಲೇ. ಹೆಂಡತಿಗೆ "ಹದಿನೈದರೊಳಗೆ ಆಗುತ್ತೆ" ಅಂದಿದ್ದೆ. ಈಗ ಹುಲ್ಲು ಹೊತ್ತು ಬಂದವರಿಗೆ ಮೂರು. ಅಕ್ಕನಿಗೆ ಮಾತ್ರ ಏನೂ ಹೇಳಿರಲಿಲ್ಲ.

ಒಂದೇ ಬೈಕಿಗೆ ಮೂರು ಬೆಲೆ, ಒಂದು ಮೌನ. ಕೊಳ್ಳಬೇಕೋ ಬೇಡವೋ ಎಂದು ಆರು ತಿಂಗಳಿಂದ ಒದ್ದಾಡುತ್ತಿದ್ದವನಿಗೆ, ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲೆಲ್ಲೋ ಇದೆ ಅನ್ನಿಸಿತು.

ಮೊದಲು ಆಸೆಗೆ ಅದರ ಮರ್ಯಾದೆ ಕೊಡುತ್ತೇನೆ. ಆಸೆಯನ್ನು ಬೈಯುವುದು ಸುಲಭ, ಅದನ್ನು ಸರಿಯಾಗಿ ಬಣ್ಣಿಸುವುದು ಕಷ್ಟ. ಈ ಜಾತಿಯ ಬೈಕುಗಳ ಮೂಲ 1980ರಲ್ಲಿ ಬಂದ ಆರ್ 80 ಜಿ/ಎಸ್. ಜಿ ಎಂದರೆ ಜರ್ಮನ್ ಭಾಷೆಯಲ್ಲಿ ಕಾಡುಮೇಡಿನ ನೆಲ, ಎಸ್ ಎಂದರೆ ರಸ್ತೆ. ಎರಡಕ್ಕೂ ಒಂದೇ ಬೈಕು ಎನ್ನುವುದು ಆಗ ಹೊಸ ಮಾತು. ಮರುವರ್ಷವೇ ಅದು ಪ್ಯಾರಿಸ್–ಡಕಾರ್ ರ‍್ಯಾಲಿ ಗೆದ್ದಿತು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಎಂಜಿನ್ 800 ಸಿಸಿಯಿಂದ 1300ಕ್ಕೆ ಬೆಳೆದಿದೆ, ಶಕ್ತಿ 50 ಅಶ್ವಶಕ್ತಿಯಿಂದ 145ಕ್ಕೆ ಏರಿದೆ. ಆದರೆ ಅಂಕಿಗಳು ಏನನ್ನೂ ಹೇಳುವುದಿಲ್ಲ. ನೆಲಮಂಗಲ ದಾಟಿದ ಮೇಲೆ ಬೆಳಕು ಹರಿಯುವ ಹೊತ್ತಿನಲ್ಲಿ, ಎತ್ತರದ ಸೀಟಿನಲ್ಲಿ ಕೂತು, ಕೈ ಸ್ವಲ್ಪ ತಿರುಗಿಸಿದರೆ ಸಾಕು, ಅಷ್ಟು ದೊಡ್ಡ ಯಂತ್ರ ಗೊಣಗದೆ ಮುಂದಕ್ಕೆ ಹರಿಯುತ್ತದೆ. ಗುಂಡಿ ಬಂದರೂ ಬೆನ್ನಿಗೆ ಸುದ್ದಿ ಮುಟ್ಟುವುದಿಲ್ಲ. ಹೆಲ್ಮೆಟ್ಟಿನೊಳಗೆ ನಾನು ಒಬ್ಬನೇ ನಗುತ್ತಿದ್ದೆ. ಕಚೇರಿ, ಕಂತು, ಅಪಾರ್ಟ್‌ಮೆಂಟಿನ ನೀರಿನ ಜಗಳ ಎಲ್ಲ ಎಲ್ಲೋ ಹಿಂದೆ ಬಿದ್ದಿದ್ದವು. ಅಂಥ ಒಂದು ಗಂಟೆಯನ್ನು ಸುಮ್ಮನೆ 'ಭೋಗ' ಎಂದು ತಳ್ಳಿಹಾಕುವವರನ್ನು ನಾನು ನಂಬುವುದಿಲ್ಲ.

ಈ ಆಸೆಗೆ ಬೇರೂ ಇದೆ. ಅಪ್ಪ ಶಿರಾ ಕಡೆಯವರು, ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೆಲಸಕ್ಕಿದ್ದರು. ಮತ್ತಿಕೆರೆಯಲ್ಲಿ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮನೆ. ಬಹಳ ವರ್ಷ ಸೈಕಲ್ಲಿನಲ್ಲೇ ಕಾರ್ಖಾನೆಗೆ ಹೋಗಿ ಬಂದವರು, 1984ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಯೆಜ್ಡಿ ತಂದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಬೈಕು. 1961ರಲ್ಲಿ ಬೈಕು ಮಾಡಲು ಶುರುಮಾಡಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಗೇರಿನ ಲಿವರ್ ಆಗುತ್ತಿದ್ದದ್ದು ನನಗೆ ಆಗ ಜಾದೂ ಥರ ಕಾಣುತ್ತಿತ್ತು. ಹಬ್ಬಕ್ಕೆ ಊರಿಗೆ ಹೋಗುವಾಗ ಟ್ಯಾಂಕಿನ ಮೇಲೆ ನಾನು, ಆಮೇಲೆ ಅಪ್ಪ, ಅವರ ಬೆನ್ನಿಗೆ ಅಕ್ಕ, ಕೊನೆಗೆ ಅಮ್ಮ. ತುಮಕೂರು ರಸ್ತೆಯಲ್ಲಿ ನೂರಿಪ್ಪತ್ತು ಕಿಲೋಮೀಟರು. ಶಿರಾದ ಹತ್ತಿರ ಬರುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದಿರುತ್ತಿತ್ತು. ಆ ಪ್ರಯಾಣಕ್ಕೆ ಸಾಹಸ ಎಂದು ಯಾರೂ ಹೆಸರಿಟ್ಟಿರಲಿಲ್ಲ.

ಈಗ ದುಡ್ಡಿನ ಕತೆ. ಶಿರಾ ಹತ್ತಿರ ನಮಗೆ ಇದ್ದ ಎರಡೂವರೆ ಎಕರೆ ಹೊಲ ಕಳೆದ ವರ್ಷ ಮಾರಾಟವಾಯಿತು. ಇಪ್ಪತ್ತೆಂಟು ಲಕ್ಷ ಬಂತು. ಅಜ್ಜನ ಕಾಲದ ಜಮೀನು. 2005ರ ತಿದ್ದುಪಡಿಯ ನಂತರ ಇಂಥ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೆ ಅಪ್ಪ ತೀರಿಕೊಂಡ ಮರುವರ್ಷವೇ ಅಕ್ಕ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಳು. ನಾನು ಬಾಯಿಬಿಟ್ಟು ಕೇಳಿರಲಿಲ್ಲ. ಬೇಡ ಅಂತಲೂ ಹೇಳಿರಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಡೆಯುವುದು ಹೀಗೆಯೇ. ತವರಿನ ಬಾಗಿಲು ತೆರೆದಿದ್ದರೆ ಸಾಕು, ಅರಿಶಿನ ಕುಂಕುಮಕ್ಕೆ ಕರೆದರೆ ಸಾಕು ಎಂದು ಹೆಣ್ಣುಮಕ್ಕಳು ಸಹಿ ಹಾಕುತ್ತಾರೆ. ನಾವು ಅದನ್ನು ಅವರ ದೊಡ್ಡ ಮನಸ್ಸು ಎಂದು ಹೊಗಳಿ ಊಟ ಹಾಕಿಸಿ ಕಳಿಸುತ್ತೇವೆ. ಕಾನೂನಿನ ಲೆಕ್ಕದಲ್ಲಿ ಆ ಇಪ್ಪತ್ತೆಂಟೂ ನನ್ನದೇ. ಬೈಕು ಅದರಲ್ಲಿ ಇಪ್ಪತ್ತೈದನ್ನು ತಿನ್ನುತ್ತಿತ್ತು.

ಕೊಳ್ಳಬೇಕೇ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಎರಡನ್ನೂ ನಾನು ತಿಂಗಳುಗಟ್ಟಲೆ ಬಳಸಿದ್ದೇನೆ.

ಮೊದಲನೆಯದು, ನಿನಗೆ ಇದರ ಅಗತ್ಯವಿಲ್ಲ ಎನ್ನುವುದು. ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಜಗತ್ತಿನ ಅತ್ಯಂತ ಕಠಿಣ ರ‍್ಯಾಲಿ ಎನ್ನಿಸಿಕೊಂಡ ಡಕಾರ್‌ನಲ್ಲಿ 2011ರಿಂದ 450 ಸಿಸಿ ಮೀರಿದ ಬೈಕಿಗೆ ಪ್ರವೇಶವೇ ಇಲ್ಲ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಆ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯರಾದದ್ದು ಅಂಥ ಬೈಕಿನಲ್ಲೇ. 'ಲಾಂಗ್ ವೇ ರೌಂಡ್' ಎಂಬ ಸರಣಿಗಾಗಿ 2004ರಲ್ಲಿ ನಟ ಇವಾನ್ ಮೆಕ್‌ಗ್ರೆಗರ್ ಮತ್ತು ಗೆಳೆಯರು ಲಂಡನ್ನಿನಿಂದ ನ್ಯೂಯಾರ್ಕಿಗೆ ಹೊರಟದ್ದು ದೊಡ್ಡ ಜಿಎಸ್‌ಗಳ ಮೇಲೆ. ಮಂಗೋಲಿಯಾದಲ್ಲಿ ಅವರ ಛಾಯಾಗ್ರಾಹಕನ ಬೈಕಿನ ಚಾಸಿ ಮುರಿದಾಗ ಅವನಿಗೆ ಒಂದು ಅಗ್ಗದ, ಹಗುರವಾದ ರಷ್ಯನ್ ಬೈಕು ಕೊಡಿಸಿದರು. ಕೆಸರಿನಲ್ಲಿ ದೊಡ್ಡ ಬೈಕುಗಳು ಉರುಳಿ ಬೀಳುತ್ತಿದ್ದಾಗ ಆ ಪುಟ್ಟ ಕೆಂಪು ಬೈಕು ಅವುಗಳ ಜೊತೆ ಆರಾಮಾಗಿ ಹೆಜ್ಜೆ ಹಾಕಿತು. ಬೈಕನ್ನೇ ತತ್ತ್ವಶಾಸ್ತ್ರ ಮಾಡಿದ ರಾಬರ್ಟ್ ಪಿರ್ಸಿಗ್, 1968ರಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು ಅಮೆರಿಕದ ಅರ್ಧ ದಾಟಿದ್ದು 305 ಸಿಸಿಯ ಹೋಂಡಾದಲ್ಲಿ. ಅವನ ಪುಸ್ತಕದಲ್ಲಿ ಬಿಎಂಡಬ್ಲ್ಯು ಇರುವುದು ಗೆಳೆಯನ ಬಳಿ. ಅದರ ಹ್ಯಾಂಡಲ್ ಸಡಿಲವಾದಾಗ ಬಿಯರ್ ಡಬ್ಬಿಯ ತಗಡಿನ ಚೂರು ಇಟ್ಟು ಬಿಗಿ ಮಾಡಬಹುದು ಎಂದು ಪಿರ್ಸಿಗ್ ಹೇಳಿದರೆ ಆ ಗೆಳೆಯನಿಗೆ ಅವಮಾನವಾಗುತ್ತದೆ. ಇನ್ನು ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಯಾವ ಬೈಕೂ ಹತ್ತುವಂತಿಲ್ಲ. 145 ಅಶ್ವಶಕ್ತಿಯೂ ಎಕ್ಸೆಲ್ಲೂ ಒಂದೇ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು.

ಸರ್ಕಾರವೂ ಅಗತ್ಯಕ್ಕೊಂದು ಗೆರೆ ಎಳೆದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇಕಡ 18, ಅದು ಮೀರಿದರೆ ಶೇಕಡ 40. ಖಾಸಗಿ ವಿಮಾನ, ವಿಹಾರ ನೌಕೆಗಳ ಸಾಲಿನಲ್ಲಿ ನಮ್ಮನ್ನೂ ಕೂರಿಸಿದ್ದಾರೆ ಎಂದು ಗೆಳೆಯರು ನಕ್ಕರು.

ಆದರೆ ಈ ವಾದ ಒಂದು ಕಡೆ ಕೈಕೊಡುತ್ತದೆ. ಅಗತ್ಯವೊಂದೇ ಅಳತೆಯಾದರೆ ಬೇಲೂರಿನ ಗುಡಿಗೆ ಅಷ್ಟು ಕೆತ್ತನೆ ಯಾಕೆ ಬೇಕಿತ್ತು? ತಂಬೂರಿ ಯಾಕೆ ಬೇಕು, ಕಾದಂಬರಿ ಯಾಕೆ ಬೇಕು? ಬದುಕನ್ನು ಬದುಕಾಗಿಸುವ ಬಹಳಷ್ಟು ಸಂಗತಿಗಳು ಅಗತ್ಯದ ಗೆರೆಯ ಆಚೆಗೇ ಇರುತ್ತವೆ. ನನ್ನ ಅಪ್ಪನಿಗೆ ಸೈಕಲ್ಲು ಸಾಕಾಗಿತ್ತು. ಅವರು ಯೆಜ್ಡಿ ತಂದ ದಿನ ನಮ್ಮ ಮನೆಯಲ್ಲಿ ಹಬ್ಬವಾಗಿತ್ತು. ಅಲ್ಲದೆ, 'ನಿನಗೆ ಇದೆಲ್ಲ ಬೇಕಾ' ಎನ್ನುವ ಮಾತನ್ನು ನಮ್ಮಲ್ಲಿ ಯಾರು ಯಾರಿಗೆ ಹೇಳುತ್ತಾ ಬಂದಿದ್ದಾರೆ ಎಂಬುದನ್ನೂ ನೆನಪಿಡಬೇಕು. ಬಡವರ ಮಕ್ಕಳ ಹೊಸ ಅಂಗಿಯನ್ನು ನೋಡಿ ಉಳ್ಳವರು ಕೇಳಿದ ಪ್ರಶ್ನೆ ಅದೇ.

ಎರಡನೆಯ ಸಿದ್ಧ ಉತ್ತರ, ನನ್ನ ದುಡ್ಡು ನನ್ನ ಖುಷಿ. ಮೂವತ್ತು ವರ್ಷ ದುಡಿದಿದ್ದೇನೆ, ಸಾಲವಿಲ್ಲ, ಕದ್ದಿಲ್ಲ. ಇದಕ್ಕೆ ಪೀಟರ್ ಸಿಂಗರ್ 1972ರಲ್ಲೇ ಒಂದು ಸವಾಲು ಎಸೆದಿದ್ದಾರೆ. ಕಣ್ಣೆದುರಿನ ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಹಾಳಾದೀತೆಂದು ನೀನು ಸುಮ್ಮನಿರುವುದಿಲ್ಲ. ಹಾಗಿದ್ದರೆ ದೂರದಲ್ಲಿ ಹಸಿವಿನಿಂದ ಸಾಯುವ ಮಗುವಿನ ವಿಷಯದಲ್ಲಿ ಯಾಕೆ ಸುಮ್ಮನಿದ್ದೀಯ? ಈ ವಾದವನ್ನು ಒಪ್ಪಿದರೆ ಬೈಕಿನ ಜೊತೆಗೆ ನನ್ನ ಮೊಬೈಲೂ, ನಾಳಿನ ಮಸಾಲೆದೋಸೆಯೂ ಅಪರಾಧವಾಗುತ್ತವೆ. ಅಷ್ಟು ದೊಡ್ಡ ಬೇಡಿಕೆಯನ್ನು ಪಾಲಿಸಲಾಗುವುದಿಲ್ಲ ಎಂದು ನಾನು ಪಕ್ಕಕ್ಕಿಟ್ಟೆ. ಪಾಲಿಸಲಾಗದು ಎಂಬುದು ತಪ್ಪು ಎಂಬುದಕ್ಕೆ ಸಮವಲ್ಲ ಎಂದು ಗೊತ್ತಿದ್ದೂ ಪಕ್ಕಕ್ಕಿಟ್ಟೆ.

ಹೀಗೆ ಎರಡು ಉತ್ತರಗಳ ನಡುವೆ ತೂಗುತ್ತಿದ್ದವನ ಕಣ್ಣಿಗೆ ಆ ಸುಳ್ಳು ಬಿತ್ತು. 'ಅಗತ್ಯ'ವೂ 'ನನ್ನ ಹಕ್ಕು' ಕೂಡ ನಾನೊಬ್ಬನೇ ಕೂತು ಮಾಡುವ ಲೆಕ್ಕಗಳು. ಸುಳ್ಳು ಹೇಳಲು ಮಾತ್ರ ಎದುರಿಗೆ ಇನ್ನೊಬ್ಬರು ಬೇಕು.

ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದ ಕೊನೆಯಲ್ಲಿ ಒಂದು ಪರೀಕ್ಷೆಯನ್ನು ಹೇಳುತ್ತಾನೆ. ಬೇರೆಯವರ ಹಕ್ಕಿಗೆ ಸಂಬಂಧಪಟ್ಟ ಒಂದು ಕೆಲಸವನ್ನು ಯಾವ ಉದ್ದೇಶದಿಂದ ಮಾಡುತ್ತಿದ್ದೇನೆಂದು ಬಹಿರಂಗವಾಗಿ ಹೇಳಲಾಗದಿದ್ದರೆ, ಹೇಳಿದ ಕೂಡಲೇ ಆ ಕೆಲಸವೇ ಕೆಡುವಂತಿದ್ದರೆ, ಅದರಲ್ಲಿ ಅನ್ಯಾಯವಿದೆ. ಅವನು ರಾಜ್ಯಗಳ ನಡುವಿನ ವ್ಯವಹಾರಕ್ಕೆ ಹೇಳಿದ್ದು. ನನಗೆ ಅದು ಮತ್ತಿಕೆರೆಯ ಮನೆಯೊಳಗಿನ ವ್ಯವಹಾರಕ್ಕೂ ಹೊಂದುತ್ತದೆ ಅನ್ನಿಸಿತು. ಅವನು ಇನ್ನೊಂದು ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ಇದನ್ನು ತಿರುಗಿಸಿ ಹೇಳುವಂತಿಲ್ಲ. ಬಹಿರಂಗವಾಗಿ ಹೇಳಬಲ್ಲೆ ಅಂದಮಾತ್ರಕ್ಕೆ ಕೆಲಸ ನ್ಯಾಯವಾಗುವುದಿಲ್ಲ, ಏಕೆಂದರೆ ಬಲಶಾಲಿ ಏನನ್ನೂ ಮುಚ್ಚಿಡಬೇಕಿಲ್ಲ. ಗೆಳೆಯರ ಮುಂದೆ ನಾನು ಪೂರ್ತಿ ಬೆಲೆಯನ್ನು ಜಂಬದಿಂದ ಹೇಳಿದ್ದು ಪ್ರಾಮಾಣಿಕತೆಯೇನೂ ಆಗಿರಲಿಲ್ಲ.

ಹಾಗಂತ ಎಲ್ಲ ಮುಚ್ಚಿಡುವಿಕೆಯೂ ಒಂದೇ ಅಲ್ಲ. ಹುಲ್ಲಿನ ಹೊರೆಯವರಿಗೆ ಹೇಳಿದ ಸುಳ್ಳನ್ನು ಬಿಡಿಸಿ ನೋಡಿದೆ. ಅದರಲ್ಲಿ ಸ್ವಲ್ಪ ಸಂಕೋಚವಿತ್ತು, ಸ್ವಲ್ಪ ಹೆದರಿಕೆಯೂ ಇತ್ತು. ಅವರ ಮನಸ್ಸು ನೋಯದಿರಲಿ ಎಂದು ಹೇಳಿದೆ ಅಂದುಕೊಳ್ಳಲು ಇಷ್ಟವಾಗುತ್ತದೆ. ಆದರೆ ನೋವಿನಿಂದ ನಾನು ಕಾಪಾಡಿದ್ದು ನನ್ನನ್ನು. ಆ ಕ್ಷಣದಲ್ಲಿ ಅವರು ನನಗೆ ಸಮಾನರಾಗಿ, ಒಂದು ಕೈ ಹೆಚ್ಚಾಗಿಯೇ, ನಿಂತಿದ್ದರು. ನನ್ನಿಂದ ಎತ್ತಲಾಗದ್ದನ್ನು ಎತ್ತಿ ಕೊಟ್ಟಿದ್ದರು. ನಿಜವಾದ ಅಂಕಿ ಬಾಯಿಂದ ಬಿದ್ದಿದ್ದರೆ ಆ ಸಮಾನತೆ ಮುರಿಯುತ್ತಿತ್ತು. ಆದರೂ, ನನ್ನ ಬೈಕಿನ ಬೆಲೆಯ ಮೇಲೆ ಅವರಿಗೆ ಯಾವ ಹಕ್ಕೂ ಇರಲಿಲ್ಲ. ಆ ಸುಳ್ಳು ಸಣ್ಣತನ, ಅನ್ಯಾಯವಲ್ಲ.

ಹೆಂಡತಿಗೆ ಹೇಳಿದ್ದು ಬೇರೆ. ಮಗಳ ಮುಂದಿನ ಓದಿನ ಲೆಕ್ಕ ಇಟ್ಟುಕೊಂಡವಳು ಅವಳು. ನಾನು ಬಿದ್ದು ಮಲಗಿದರೆ ನೋಡಿಕೊಳ್ಳಬೇಕಾದವಳೂ ಅವಳೇ. 2021ರ ಜನವರಿಯಲ್ಲಿ ಸೌದಿಯ ಮರುಭೂಮಿಯಲ್ಲಿ ಸಂತೋಷ್ ಬಿದ್ದು, ತಲೆಗೆ ಏಟಾಗಿ, ವೈದ್ಯರು ಅವರನ್ನು ಪ್ರಜ್ಞೆ ತಪ್ಪಿಸಿ ಇಟ್ಟಿದ್ದಾರೆಂಬ ಸುದ್ದಿ ಬಂದಾಗ ಅವಳು ಟಿವಿ ಮುಂದೆ ನಿಂತು ನನ್ನ ಕಡೆ ನೋಡಿದ್ದು ನೆನಪಿದೆ. ಅಷ್ಟು ಪಳಗಿದವರಿಗೇ ಹಾಗಾದರೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅವರು ಚೇತರಿಸಿಕೊಂಡರು. ಆದರೆ ಅವಳ ಆ ನೋಟದ ಅರ್ಥ ಹೋಗಲಿಲ್ಲ. ನನ್ನ ಸಾಹಸದ ಅರ್ಧ ಅಪಾಯ ಅವಳ ತಲೆಯ ಮೇಲಿದೆ. ಅವಳಿಗೆ ಬೆಲೆ ಕಡಿಮೆ ಹೇಳುವುದೆಂದರೆ, ಪಾಲುದಾರಳಿಗೆ ತಪ್ಪು ಲೆಕ್ಕ ತೋರಿಸುವುದು.

ಅಕ್ಕನ ಮುಂದಿನ ಮೌನ ಎಲ್ಲಕ್ಕಿಂತ ಭಾರ. ಅಲ್ಲಿ ಕಾಂಟನ ಪರೀಕ್ಷೆ ನೇರವಾಗಿ ತಾಗುತ್ತದೆ. ನಾನು ಯಾಕೆ ಹೇಳಿರಲಿಲ್ಲ? ಹೇಳಿದರೆ ಅವಳು ಪಾಲು ಕೇಳುತ್ತಾಳೆಂಬ ಭಯದಿಂದಲ್ಲ. ಅವಳು ಕೇಳುವುದಿಲ್ಲವೆಂದು ಗೊತ್ತಿತ್ತು. ಅವಳು ಕೇಳದಿರುವುದನ್ನು ಎದುರಿಗೆ ಕೂತು ನೋಡಬೇಕಾಗುತ್ತದಲ್ಲ, ಅದಕ್ಕೆ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕತೆ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿಗಳು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ವಾಪಸು ಚೆಲ್ಲಿ ಬಾ ಎಂದು ಕಳಿಸಿದಳು. ಇದನ್ನು ನಾವು ಅತಿಯಾಸೆ ಬೇಡ ಎಂಬ ನೀತಿಗೆ ಇಳಿಸಿಬಿಟ್ಟಿದ್ದೇವೆ. ಈಗ ನನಗೆ ಅದರಲ್ಲಿ ಬೇರೆ ಏನೋ ಕಾಣುತ್ತದೆ. ಹೆಚ್ಚಿನ ಅಕ್ಕಿ ಎಲ್ಲಿಂದ ಬಂತು ಎಂದು ಅವಳು ಗಮನಿಸಿದಳು. ಅಂಗಳದಲ್ಲಿ ಬಿದ್ದದ್ದನ್ನೇ ಆರಿಸಿದ್ದಾನೆ, ಯಾರೂ ತಡೆದಿಲ್ಲ, ಯಾರೂ ಕೇಳಿಲ್ಲ. ಯಾರೂ ಕೇಳಲಿಲ್ಲ ಎಂಬುದು ಅವಳಿಗೆ ಸಾಕಾಗಲಿಲ್ಲ. ನನಗೆ ಸಾಕಾಗಿತ್ತು. ಅಷ್ಟೇ ವ್ಯತ್ಯಾಸ. ಅವಳ ಗೆರೆಯನ್ನು ಸೇರಿನಲ್ಲೋ ಪಾವಿನಲ್ಲೋ ಅಳೆಯಲಾಗುವುದಿಲ್ಲ. ನನ್ನ ಗೆರೆಯನ್ನು ಸಿಸಿಯಲ್ಲಿ ಅಳೆಯಲು ಹೋಗಿ ನಾನು ಆರು ತಿಂಗಳು ಕಳೆದಿದ್ದೆ.

ಸಂಕ್ರಾಂತಿಯ ಹಿಂದಿನ ದಿನ ಹೆಂಡತಿಗೆ ನಿಜವಾದ ಬೆಲೆ ಹೇಳಿದೆ. ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಇಪ್ಪತ್ತೈದು ಅಂತ ನಂಗೆ ಯಾವಾಗ್ಲೋ ಗೊತ್ತು. ನಿಮ್ಮ ಮೊಬೈಲಲ್ಲಿ ಅದೇ ತಾನೇ ಇರೋದು," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅದನ್ನ ನಮ್ಮ ಗೇಟೊಳಗೆ ಹೇಗೆ ತರ್ತೀರಿ?" ಅಂದಳು. ನಾನು ಅಳೆದಿರಲಿಲ್ಲ. ಅವಳು ಅಳೆದಿದ್ದಳು. ಪಕ್ಕದ ಪೆಟ್ಟಿಗೆಗಳನ್ನು ಬಿಚ್ಚಿದರೆ ಹಿಡಿಸುತ್ತದಂತೆ.

ಹಬ್ಬದ ದಿನ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೊಲದ ದುಡ್ಡು ಎಷ್ಟು, ಬೈಕಿಗೆ ಎಷ್ಟು, ಇಷ್ಟು ದಿನ ಯಾಕೆ ಹೇಳಲಿಲ್ಲ. ಜಗಳವಾಡುತ್ತಾಳೆ ಅಥವಾ 'ತಗೋ, ನಿನ್ನ ಖುಷಿ' ಎಂದು ಆಶೀರ್ವಾದ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಗೋಡೆಯ ಮೇಲಿದ್ದ ಅಪ್ಪನ ಫೋಟೊ ಕಡೆ ಒಮ್ಮೆ ನೋಡಿ, ಮೆಲ್ಲಗೆ ಅಂದಳು: "ನಿಂಗೆ ದುಡ್ಡಿನ ಕಷ್ಟ ಇರ್ಬೇಕು ಅಂದ್ಕೊಂಡು ಸೈನ್ ಹಾಕ್ದೆ ಕಣೋ."

ಆ ಮಾತಿನಲ್ಲಿ ದೂರು ಇರಲಿಲ್ಲ. ಒಂದು ಮಾಹಿತಿಯನ್ನು ಹೇಳುವ ಹಾಗೆ ಹೇಳಿದಳು. ಆಮೇಲೆ ಅವಳೇ ಮಾತು ಬದಲಿಸಿ ಕೇಳಿದಳು, "ಅದು ಅಪ್ಪನ ಗಾಡಿ ಥರ ಸದ್ದು ಮಾಡುತ್ತಾ?" ಇಲ್ಲ, ಇದರ ಸದ್ದು ಬೇರೆ ಥರ ಅಂದೆ. "ಹಂಗಾದ್ರೆ ಏನು ಚೆಂದ," ಅಂ್ದು ಎದ್ದು ಒಳಗೆ ಹೋಗಿ ಕಬ್ಬಿನ ತುಂಡು, ಎಳ್ಳುಬೆಲ್ಲ ತಂದಿಟ್ಟಳು.

ಮರುವಾರ ಹದಿನಾಲ್ಕು ಲಕ್ಷ ಅವಳ ಖಾತೆಗೆ ಹಾಕಿದೆ. ಬೇಡ ಬೇಡ ಅಂದಳು, ಎರಡು ದಿನ ಫೋನ್ ಎತ್ತಲಿಲ್ಲ, ಆಮೇಲೆ ಸುಮ್ಮನಾದಳು. ಇದನ್ನು ಓದುವವರು ನನ್ನನ್ನು ಒಳ್ಳೆಯವನೆಂದು ತಿಳಿಯಬಾರದು. ಅವಳದನ್ನು ಅವಳಿಗೆ ಕೊಟ್ಟದ್ದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಇಷ್ಟು ವರ್ಷ ಇಟ್ಟುಕೊಂಡದ್ದಕ್ಕೆ ಬಡ್ಡಿಯನ್ನೂ ಕೊಟ್ಟಿಲ್ಲ.

ಆಸೆ ಹೋಯಿತೇ ಎಂದರೆ, ಇಲ್ಲ. ಈಗಲೂ ಹೊಸ ಬಿಇಎಲ್ ರಸ್ತೆಯಲ್ಲಿ ಅಂಥ ಬೈಕೊಂದು ಹಾದುಹೋದರೆ ಕತ್ತು ತಾನಾಗಿ ಹೊರಳುತ್ತದೆ. ಷೋರೂಮಿನಿಂದ ಪ್ರತಿ ಶನಿವಾರ ಕರೆ ಬರುತ್ತದೆ. ನನ್ನ ಪಾಲಿನ ಹದಿನಾಲ್ಕಕ್ಕೆ ಸಾಲ ಸೇರಿಸಿ ಅದನ್ನೇ ತರುತ್ತೇನೋ, ಒಬ್ಬನೇ ಎತ್ತಬಲ್ಲ ಸಣ್ಣ ಬೈಕೊಂದನ್ನು ತರುತ್ತೇನೋ, ಹಳೆಯದರಲ್ಲೇ ಇರುತ್ತೇನೋ, ಇನ್ನೂ ತೀರ್ಮಾನಿಸಿಲ್ಲ. ದೊಡ್ಡದನ್ನೇ ತಂದರೆ ಅದು ಪಾಪ ಎಂದೂ ನನಗೆ ಅನ್ನಿಸುವುದಿಲ್ಲ. ಕೊಂಡರೆ ಅದರ ಬೆಲೆಯನ್ನು ಹೆಂಡತಿಗೂ ಅಕ್ಕನಿಗೂ ಗೆಳೆಯರಿಗೂ ಒಂದೇ ಅಂಕಿಯಲ್ಲಿ, ಒಂದೇ ದನಿಯಲ್ಲಿ ಹೇಳಲು ಆಗಬೇಕು. ಸದ್ಯಕ್ಕೆ ನನ್ನಲ್ಲಿರುವ ನಿಯಮ ಇಷ್ಟೇ.

ದುರ್ಗದ ಆ ಮಣ್ಣುದಾರಿಗೂ ಒಂದು ಭಾನುವಾರ ಹಳೆಯ ಬೈಕಿನಲ್ಲಿ ಹೋಗಿ ಬರಬೇಕೆಂದಿದ್ದೇನೆ. ಹುಲ್ಲಿನ ಹೊತ್ತಿಗೆ ಹೋದರೆ ಅವರು ಸಿಗಬಹುದು. ಅವರಿಗೆ ನನ್ನ ನಿಜವಾದ ಬೆಲೆ ಬೇಕಾಗಿಲ್ಲ, ಗೊತ್ತು. ಆದರೂ ಹೇಳಬೇಕು.